ಕೊನೆಯ ಮೀಟರಿನ ಮಡಿ

ಎಣ್ಣೂರಿನಲ್ಲಿರುವವರಿಗೆ ಕರೆಂಟು ಎಲ್ಲಿಂದ ಬರುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಹಳೆಯ ಎಣ್ಣೂರು ಉಷ್ಣ ವಿದ್ಯುತ್ ಸ್ಥಾವರ 2017ರಲ್ಲಿ ಮುಚ್ಚಿದರೂ, ನಮ್ಮ ಮಹಡಿ ಹತ್ತಿದರೆ ಉತ್ತರ ಚೆನ್ನೈ ಸ್ಥಾವರದ ಚಿಮಣಿಗಳು ಕಾಣುತ್ತವೆ.

ಅಂಥ ಮನೆಗೆ ಬಂದ ಗೆಳೆಯ ಒಂದು ಮೀಟರ್ ಪವರ್ ಕೇಬಲ್ ತೆಗೆದ. ಬೆಲೆ 40,000 ರೂಪಾಯಿ. "ಕರೆಂಟು ಶುದ್ಧವಾಗುತ್ತೆ ಕಣೋ. ಭೀಮಸೇನ ಜೋಶಿ ಎದುರಿಗೇ ಕೂತು ಹಾಡಿದ ಹಾಗಿರುತ್ತೆ!"

ಕಿಲೋಮೀಟರುಗಟ್ಟಲೆ ಅಲ್ಯೂಮಿನಿಯಂ ತಂತಿ, ಬೀದಿಯ ಟ್ರಾನ್ಸ್‌ಫಾರ್ಮರ್, ಗೋಡೆಯೊಳಗಿನ ಸಾದಾ ವೈರು ಎಲ್ಲ ದಾಟಿ ಬಂದ ಕರೆಂಟಿಗೆ ಕೊನೆಯ ಒಂದು ಮೀಟರಿನಲ್ಲಿ ಮಡಿ ಉಡಿಸುವುದು ಹೇಗೆ? ಆ 230 ವೋಲ್ಟ್ ಎಸಿಯನ್ನು ಇಳಿಸಿ, ಡಿಸಿ ಮಾಡಿ, ಕೆಪಾಸಿಟರುಗಳಲ್ಲಿ ಸೋಸುವ ಕೆಲಸವನ್ನು ಆಂಪ್ಲಿಫೈಯರ್ ತಾನೇ ಮಾಡಿಕೊಳ್ಳುತ್ತದೆ.

ವಾದ ಬೇಡವೆಂದು ಅವನನ್ನು ಗೋಡೆಗೆ ಮುಖ ಮಾಡಿ ಕೂರಿಸಿದೆ. ನಾಣ್ಯ ಚಿಮ್ಮಿ, ಒಮ್ಮೆ ಅವನ ಕೇಬಲ್, ಒಮ್ಮೆ ಆಂಪ್ಲಿಫೈಯರ್ ಜೊತೆ ಬಂದಿದ್ದ ಕಪ್ಪು ಕೇಬಲ್ ಹಾಕಿದೆ. ಹತ್ತರಲ್ಲಿ ಐದು ಸರಿ ಹೇಳಿದ. ಅಷ್ಟು ಅಂಕ ನಾಣ್ಯವೂ ತೆಗೆಯುತ್ತಿತ್ತು.

ಆಮೇಲೆ ಸ್ಪೀಕರುಗಳನ್ನು ಗೋಡೆಯಿಂದ ಎರಡಡಿ ಮುಂದೆ ಎಳೆದು, ಕಿಟಕಿಗೆ ದಪ್ಪ ಪರದೆ ಕಟ್ಟಿದೆವು. ಅಡುಗೆಮನೆಯಿಂದ ಅಮ್ಮ, "ಈಗ ಮಾತು ಸ್ಪಷ್ಟ ಕೇಳಿಸ್ತಿದೆ" ಎಂದರು.

ಗೆಳೆಯ ಕೇಬಲ್ ಸುತ್ತಿ ಬ್ಯಾಗಿಗಿಟ್ಟ. ಹೊರಡುವಾಗ ಮೆಲ್ಲಗೆ ಅಂದ: "ಇದರ ಇಎಂಐ ಇನ್ನೂ ಎಂಟು ತಿಂಗಳು ಇದೆ. ಮನೇಲಿ ಹೇಳಬೇಡ."