ಪಾದ್ರಿಯ ಕೈಯ ಲೇಖನಿ

ಧರ್ಮೋಪದೇಶವನ್ನು ವೃತ್ತಿಯಾಗಿ ಕೈಕೊಂಡವನು, ಭಾನುವಾರದ ಆರಾಧನೆಗೆ ಬಂದು ಕುಳಿತ ಸಭೆಯಷ್ಟೇ ತನ್ನ ಶ್ರೋತೃವರ್ಗವೆಂದು ತೃಪ್ತಿಪಡದೆ, ಆ ಗೋಡೆಗಳಾಚೆಗೆ ಪೇಟೆಯಲ್ಲಿ, ಕಚೇರಿಯಲ್ಲಿ, ಗದ್ದೆಯ ಬದುವಿನಲ್ಲಿ ಇರುವ, ತನ್ನ ಮತವನ್ನು ಒಪ್ಪದ ಜನರೊಡನೆಯೂ ಲೋಕವಿಷಯಗಳನ್ನು ಕುರಿತು ಮಾತನಾಡಬೇಕೆಂದು ಹೊರಟಾಗ, ಅವನಿಗೆ ಬೋಧಪೀಠವು ಸಾಲದೆ ಲೇಖನಿಯು ಬೇಕಾಗುತ್ತದೆ. ಕನ್ನಡದಲ್ಲಿ ಈ ಪ್ರಯತ್ನವು ಪತ್ರಿಕೆಯ ರೂಪವನ್ನು ತಳೆದುದು 1843ನೆಯ ಇಸವಿಯ ಜುಲೈ 1ರಂದು, ಮಂಗಳೂರಿನಲ್ಲಿ. ‘ಮಂಗಳೂರ ಸಮಾಚಾರ’ವು ಹುಟ್ಟಿದ ಆ ದಿನವನ್ನೇ ನಾವು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ, ಸಮಾರಂಭದಲ್ಲಿ ಹಾರ ಹಾಕಿಸಿಕೊಳ್ಳುವ ಭಾವಚಿತ್ರದ ಮಹನೀಯನು ದೇವಶಾಸ್ತ್ರವನ್ನು ಓದಿದ ಒಬ್ಬ ಪಾದ್ರಿಯೆಂಬುದನ್ನು ಮಾತ್ರ ಅಷ್ಟಾಗಿ ಆಲೋಚಿಸುವುದಿಲ್ಲ.

ಹೆರ್ಮನ್ ಮೋಗ್ಲಿಂಗರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ರಲ್ಲಿ ಜನಿಸಿ, ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ದೇವಶಾಸ್ತ್ರವನ್ನು ಅಭ್ಯಸಿಸಿ, ಬಾಸೆಲ್ ಮಿಶನ್ನಿನ ವತಿಯಿಂದ 1836ರಲ್ಲಿ ಮಂಗಳೂರಿಗೆ ಬಂದರು. ಬಂದು ಏಳು ವರ್ಷಗಳ ತರುವಾಯ ಅವರು ಹೊರಡಿಸಿದ ಪತ್ರಿಕೆಯು ಹದಿನೈದು ದಿನಗಳಿಗೊಮ್ಮೆ ಬರುವ ನಾಲ್ಕು ಪುಟಗಳ ಕಾಗದ. ಅದರ ಕ್ರಯ ಒಂದು ದುಡ್ಡು. ಮತಪ್ರಚಾರಕನ ಪತ್ರಿಕೆಯಲ್ಲವೇ, ಆದಿಯಿಂದ ಅಂತ್ಯದವರೆಗೆ ಉಪದೇಶವೇ ತುಂಬಿರಬೇಕೆಂದು ಊಹಿಸುವವರಿಗೆ ಅದರ ವಿಷಯವಿಭಾಗವು ಆಶ್ಚರ್ಯವನ್ನುಂಟುಮಾಡುತ್ತದೆ. ಊರ ವರ್ತಮಾನ, ಸರಕಾರದ ನಿರೂಪಗಳು, ದೂರದೇಶಗಳ ಸುದ್ದಿ, ಸುಬುದ್ಧಿಯ ಮಾತುಗಳು, ಹಾಡುಗಳು, ಕಥೆಗಳು, ಇಷ್ಟಕ್ಕೂ ಅಲ್ಲಿ ಎಡೆಯುಂಟು. ಯಾರಿಗಾದರೂ ಒಂದು ವರ್ತಮಾನವನ್ನು ಬರೆಯಲು ಮನಸ್ಸಾದರೆ ಅದಕ್ಕೂ ಸ್ಥಳವಿದೆಯೆಂದು ಮೊದಲ ಸಂಚಿಕೆಯೇ ಆಹ್ವಾನವಿತ್ತಿತು. ನನ್ನ ಮಟ್ಟಿಗೆ ಈ ಆಹ್ವಾನವೇ ಆ ಪತ್ರಿಕೆಯ ಹೃದಯ. ಹೇಳಲೆಂದು ಬಂದವನು ಕೇಳಲು ಸಿದ್ಧನಾದನು. ಎದುರಿಗೆ ಕುಳಿತವನ ಕೈಗೂ ಲೇಖನಿಯನ್ನು ಕೊಟ್ಟನು.

ಆ ಹಾಳೆಗಳ ಪ್ರತಿಕೃತಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಅಲ್ಲಿರುವುದು ಅಚ್ಚಿನ ಮೊಳೆಗಳಲ್ಲ, ಕೈಬರಹ. ಮಂಗಳೂರಿನ ಮಿಶನ್ ಮುದ್ರಣಾಲಯದಲ್ಲಿ ಆಗ ಇದ್ದುದು 1841ರಲ್ಲಿ ತೊಡಗಿದ ಕಲ್ಲಚ್ಚು ಮಾತ್ರ. ಕೊಬ್ಬು ಬೆರೆಸಿದ ಮಸಿಯಿಂದ ಬರೆದುದನ್ನು ನುಣುಪಾಗಿ ಉಜ್ಜಿದ ಸುಣ್ಣಗಲ್ಲಿನ ಮೇಲೆ ಇಳಿಸಿ, ಕಲ್ಲನ್ನು ನೀರಿನಿಂದ ತೋಯಿಸಿ, ಆಮೇಲೆ ಮಸಿಯ ಉರುಳೆಯನ್ನು ಅದರ ಮೇಲೆ ಆಡಿಸಿದರೆ, ನೀರು ಕುಡಿದ ಕಲ್ಲು ಮಸಿಯನ್ನು ದೂರ ತಳ್ಳುತ್ತದೆ, ಜಿಡ್ಡಿನ ಅಕ್ಷರಗಳು ಅದನ್ನು ಹಿಡಿದುಕೊಳ್ಳುತ್ತವೆ. ಒತ್ತಕ್ಷರ, ದೀರ್ಘ, ಕೊಂಬುಗಳ ನಮ್ಮ ಲಿಪಿಗೆ ನೂರಾರು ಮೊಳೆಗಳನ್ನು ಎರೆಯಿಸುವ ಶ್ರಮವು ಇದರಿಂದ ತಪ್ಪಿತು. ಬರೆಯುವವನ ಕೈಯ ಓಟವೇ ಪತ್ರಿಕೆಯ ಅಕ್ಷರವಾಯಿತು. ಊರ ಎಂಬುದು ಅಲ್ಲಿ ‘ವೂರ’ ಎಂದಿದೆ. ಆ ಕಾಲದ ಬರಹದ ರೂಢಿಯನ್ನು ತಿದ್ದದೆ ಹಾಗೆಯೇ ಉಳಿಸಿದ ಆ ಒಂದು ಅಕ್ಷರದಲ್ಲಿ ಪರದೇಶದ ಪಾದ್ರಿಯು ನಮ್ಮವರ ಬಳಿ ಸರಿದು ಕುಳಿತ ರೀತಿಯು ನನಗೆ ಕಾಣುತ್ತದೆ.

ಪತ್ರಿಕೆಯು ಮಂಗಳೂರಿನಲ್ಲಿ ಬಾಳಿದುದು ಒಂದು ವರ್ಷಕ್ಕಿಂತಲೂ ಕಡಿಮೆ ಕಾಲ. 1844ರಲ್ಲಿ ಅದು ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಬಳ್ಳಾರಿಗೆ ಹೋಯಿತು. ಆದರೆ ಮೋಗ್ಲಿಂಗರಿಗೆ ಹತ್ತಿದ್ದ ಕನ್ನಡದ ಹುಚ್ಚು ಇಳಿಯಲಿಲ್ಲ. ವೈಗ್ಲೆ ಎಂಬ ಸಹೋದ್ಯೋಗಿಯ ನೆರವಿನಿಂದಲೂ ಕ್ಯಾಸಮೇಜರ್ ಎಂಬ ಉದಾರಿ ಆಂಗ್ಲ ಅಧಿಕಾರಿಯ ಧನಸಹಾಯದಿಂದಲೂ 1848ರಿಂದ ಕೆಲವು ವರ್ಷಗಳ ಕಾಲ ಅವರು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ ಮೊದಲಾದ ಗ್ರಂಥಗಳನ್ನು ಅಚ್ಚಿಗೆ ತಂದರು. 1850ರಲ್ಲಿ ಹರಿದಾಸರ ಪದಗಳ ಸಂಗ್ರಹವೂ ಹೊರಬಿದ್ದಿತು. ತಾಳಮೇಳಗಳೊಡನೆ ಭಜನೆಯ ಮಂಟಪದಲ್ಲಿ ಬಾಯಿಂದ ಬಾಯಿಗೆ ಹರಿಯುತ್ತಿದ್ದ ವಿಠಲನ ಹಾಡುಗಳು ಕ್ರೈಸ್ತ ಮಿಶನ್ನಿನ ಮುದ್ರಣಾಲಯದಿಂದ ಪುಸ್ತಕವಾಗಿ ಬಂದವು.

ಇಷ್ಟನ್ನು ಹೇಳಿ, ಆ ಪಾದ್ರಿಗಳು ಬಂದುದು ಮತಾಂತರಕ್ಕಾಗಿ ಎಂಬುದನ್ನು ಮರೆಮಾಚಿದರೆ ಅಸತ್ಯವಾದೀತು. ಮಿಶನ್ನಿನ ಕಿರುಹೊತ್ತಗೆಗಳಲ್ಲಿ ವಿಗ್ರಹಾರಾಧನೆಯ ಖಂಡನೆಯಿದೆ, ಇಲ್ಲಿನ ಮತಾಚಾರಗಳನ್ನು ಕುರಿತ ಕಟುವಾದ ಮಾತುಗಳಿವೆ. 1844ರಲ್ಲಿ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ಯುವಕನು ದೀಕ್ಷಾಸ್ನಾನವನ್ನು ಪಡೆದಾಗ ಮಂಗಳೂರಿನಲ್ಲಿ ಎದ್ದ ಕ್ಷೋಭೆಯು ಅಲ್ಪವಾದುದಲ್ಲ. ಆ ಯುವಕನು ಬಾಸೆಲ್ಲಿಗೆ ಹೋಗಿ ಓದಿ ಪಾದ್ರಿಯಾಗಿ ಮರಳಿ ಬಂದನು. ಖಂಡಿಸುವ ಕೈಯೇ ದಾಸರ ಪದಗಳನ್ನು ಶೇಖರಿಸಿದುದು ಹೇಗೆ? ಅನ್ಯರ ಮನಸ್ಸನ್ನು ಅರಿತು ಗೆಲ್ಲುವುದಕ್ಕಾಗಿಯೇ ಶೇಖರಿಸಿದರೆಂದು ಹೇಳುವವರಿದ್ದಾರೆ. ಆರಂಭದಲ್ಲಿ ಅದು ನಿಜವೂ ಇರಬಹುದು. ಆದರೆ ಕೇವಲ ಉಪಾಯಕ್ಕಾಗಿ ಹಿಡಿದ ಕೆಲಸದಲ್ಲಿ ಯಾವ ಮನುಷ್ಯನೂ ತನ್ನ ಕಣ್ಣನ್ನೂ ಆಯುಷ್ಯವನ್ನೂ ಸವೆಸಲಾರನು.

ಫರ್ಡಿನಂಡ್ ಕಿಟ್ಟೆಲರನ್ನು ನೆನೆದಾಗ ಈ ಮಾತು ಇನ್ನೂ ದೃಢವಾಗುತ್ತದೆ. 1853ರಲ್ಲಿ ಬಂದ ಈ ಪಾದ್ರಿಯು 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಲ್ಲಿ ಕನ್ನಡದ ಛಂದಸ್ಸಿಗೆ ಇಳಿಸಿದರು. ಛಂದಸ್ಸು ಕೈವಶವಾಗಲೆಂದು ಹೊರಟವರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು, ಕಡೆಗೆ 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ನಮ್ಮ ಕೈಯಲ್ಲಿಟ್ಟರು. ಆ ನಿಘಂಟನ್ನು ಎಲ್ಲಿ ತೆರೆದರೂ ಕವಿಪ್ರಯೋಗದ ಪಕ್ಕದಲ್ಲಿ ಹಳ್ಳಿಯ ಗಾದೆಯು ಕಾಣಸಿಗುತ್ತದೆ. ಅಡಿಗೆಮನೆಯ, ಹೊಲದ, ಸಂತೆಯ ಮಾತುಗಳನ್ನು ಪಂಪಾದಿಗಳ ಮಾತಿನೊಡನೆ ಸಮಪಂಕ್ತಿಯಲ್ಲಿ ಕೂರಿಸಿದ ಈ ಧೈರ್ಯಕ್ಕೆ ನಾವು ಎಷ್ಟು ಋಣಿಗಳಾಗಿದ್ದರೂ ಕಡಿಮೆಯೇ.

ಆದರೂ ಇವರೆಲ್ಲರೂ ಹೊರಗಿನಿಂದ ಬಂದವರು. ಈ ಪರಂಪರೆಯು ನೆಲದ ಮಗನೊಬ್ಬನಲ್ಲಿ ಪೂರ್ಣವಾಗಿ ಅರಳಿದುದನ್ನು ಕಾಣಬೇಕಾದರೆ ಧಾರವಾಡಕ್ಕೆ ಬರಬೇಕು. 1881ರಲ್ಲಿ ಅಲ್ಲಿ ಜನಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು, ಬಾಸೆಲ್ ಮಿಶನ್ನಿನ ಸೇವೆಯಲ್ಲಿದ್ದುಕೊಂಡೇ, ಓಲೆಯ ಪ್ರತಿಗಳಲ್ಲಿಯೂ ಜನರ ನಾಲಗೆಯ ಮೇಲೂ ಚದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ಒಂದೊಂದಾಗಿ ಆಯ್ದು, ಸುಮಾರು ಎರಡು ಸಾವಿರ ತ್ರಿಪದಿಗಳ ಸಂಕಲನವನ್ನು 1924ರಲ್ಲಿ ಪ್ರಕಟಿಸಿದರು. ಬನಾರಸಕ್ಕೆ ಬೆತ್ಲೆಹೇಮು ಮಾಡಿಕೊಳ್ಳುವ ವಿನಂತಿಯೆಂಬ ಅರ್ಥದ ಹೆಸರುಳ್ಳ ಗ್ರಂಥವನ್ನೂ ಅವರು ಬರೆದರು. ಆ ಶೀರ್ಷಿಕೆಯಲ್ಲಿರುವುದು ವಿನಂತಿ, ಆಜ್ಞೆಯಲ್ಲ. ನೂರು ವರ್ಷಗಳ ಹಾದಿಯು ಆ ಒಂದು ಶಬ್ದದಲ್ಲಿ ಅಡಗಿದೆ. ಕಲ್ಯಾಣದ ಅನುಭವ ಮಂಟಪವು ನಿಜವಾಗಿ ಇದ್ದಿತೇ ಎಂಬ ಸಂದೇಹವನ್ನು ವಿದ್ವಾಂಸರು ಎತ್ತಿದಾಗ, ಇದ್ದಿತೆಂದು ಪ್ರತಿಪಾದಿಸಿ ಗ್ರಂಥವನ್ನೇ ರಚಿಸಿದವರು ಈ ಕ್ರೈಸ್ತ ಬೋಧಕರು. ‘ತಿರುಳ್ಗನ್ನಡದ ತಿರುಕ’ ಎಂಬ ಬಿರುದಿಗೆ ಅವರಷ್ಟು ಅರ್ಹರು ಬೇರೊಬ್ಬರಿಲ್ಲ. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿ ತನ್ನನ್ನೇ ಗೌರವಿಸಿಕೊಂಡಿತು.

ಮಂಗಳೂರು, ಧಾರವಾಡ, ಗದಗ–ಬೆಟಗೇರಿ, ಗುಳೇದಗುಡ್ಡಗಳ ಹಳೆಯ ಕ್ರೈಸ್ತ ಮನೆತನಗಳಲ್ಲಿ ಸಭಾಪಾಲಕರಾಗಿದ್ದ ಅಜ್ಜ, ಮುತ್ತಜ್ಜಂದಿರ ಕೈಬರಹದ ಪ್ರಸಂಗಗಳೂ ಹಾಡಿನ ಪುಸ್ತಕಗಳೂ ಹಳೆಯ ಪತ್ರಿಕೆಗಳ ಬಿಡಿಹಾಳೆಗಳೂ ಟ್ರಂಕುಗಳ ತಳದಲ್ಲಿ ಇನ್ನೂ ಇದ್ದಾವು. ಅಂತಹ ಮನೆಯವರು ದಯಮಾಡಿ ಅವನ್ನು ರದ್ದಿಯವನಿಗೆ ತೂಗಿ ಕೊಡಬಾರದು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪ್ರಾಚ್ಯಪತ್ರಾಗಾರದಲ್ಲಿ ಬಾಸೆಲ್ ಮಿಶನ್ನಿನ ಕಾಲದ ಪುಸ್ತಕಗಳನ್ನು ಕಾಪಾಡಿಕೊಂಡು ಬಂದಿದ್ದಾರೆ; ಒಮ್ಮೆ ಅಲ್ಲಿಯವರನ್ನು ಕೇಳಿ ನೋಡಿರಿ.