ಟಪ್ ಟಪ್ ಸದ್ದಿನ ಹಿಂದಿನ ಕಥೆ

ಹುಬ್ಬಳ್ಳಿಯ ಖಾನಾವಳಿಗೆ ಹೋದ್ರೆ ಊಟಕ್ಕಿಂತ ಮೊದಲು ಸದ್ದು ಬರುತ್ತೆ, ಟಪ್ ಟಪ್ ಅಂತ. ಜೋಳದ ರೊಟ್ಟಿ ತಟ್ಟೋ ಸದ್ದು. ನಾನೋ ಬೆಂಗಳೂರಿನವನು. ಚಪಾತಿ ಥರ ಲಟ್ಟಿಸಿದ್ರೆ ಬೇಗ ಆಗಲ್ವಾ ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಬಿಟ್ಟೆ. ರೊಟ್ಟಿ ಮಾಡ್ತಿದ್ದ ಅಮ್ಮ ನಕ್ಕು, "ನೀವ ಮಾಡಿ ನೋಡ್ರಿ" ಅಂತ ಹಿಟ್ಟು ಕೊಟ್ಟರು. ತಣ್ಣೀರಲ್ಲಿ ಕಲಸಿದೆ. ಲಟ್ಟಣಿಗೆ ತಾಗಿದ ಕೂಡಲೇ ಅಂಚು ಬಿರಿಯಿತು, ಎತ್ತಿದರೆ ನಾಲ್ಕು ಚೂರು.

ವಿಷಯ ಏನಪ್ಪಾ ಅಂದ್ರೆ, ಗೋಧಿಯಲ್ಲಿ ಗ್ಲುಟನ್ ಇದೆ, ಎಳೆದರೆ ಹಿಗ್ಗುತ್ತೆ. ಜೋಳದಲ್ಲಿ ಅದಿಲ್ಲ. ಕುದಿಯೋ ನೀರು ಹಾಕಿದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತೆ. ರೊಟ್ಟಿಯನ್ನು ಹಿಡಿದಿಡೋದು ಆ ಅಂಟೇ. ಆಮೇಲೆ ಬಿಸಿ ಇರುವಾಗಲೇ ಚೆನ್ನಾಗಿ ನಾದಬೇಕು. ಲಟ್ಟಿಸೋರೂ ಇದ್ದಾರೆ, ಆದ್ರೆ ತಟ್ಟೋ ಅಂಗೈಗೆ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ತಕ್ಷಣ ಗೊತ್ತಾಗುತ್ತೆ. ಹಂಚಿಗೆ ಹಾಕಿ ಮೇಲೆ ನೀರು ಸವರೋದು ಒಣಹಿಟ್ಟು ಹೋಗಲಿ, ಬಿರಿಯದಿರಲಿ ಅಂತ. ತೇವ ಪೂರ್ತಿ ಆರಿಸಿದ್ರೆ ಖಡಕ್ ರೊಟ್ಟಿ, ವಾರಗಟ್ಟಲೆ ಕೆಡಲ್ಲ.

ರೊಟ್ಟಿ ಅಲ್ಲಿ ಅನ್‌ಲಿಮಿಟೆಡ್. ಹಿಂದಿನ ದಿನ ಐದು ಹಾಕಿಸಿಕೊಂಡು ಎರಡು ತಟ್ಟೆಯಲ್ಲೇ ಬಿಟ್ಟು ಎದ್ದಿದ್ದೆ. ಅದನ್ನು ಅವರಿಗೆ ಹೇಳೋ ಧೈರ್ಯ ಬರಲಿಲ್ಲ. ನನ್ನ ನಾಲ್ಕು ಚೂರನ್ನೇ ಬೇಯಿಸಿಕೊಡಿ ಅಂದೆ, ಎಣ್ಣೆಗಾಯಿ ಜೊತೆ ಪೂರ್ತಿ ತಿಂದೆ.