ಮೀನಿನ ತೊಟ್ಟಿಯನ್ನು ಖಾಲಿ ಮಾಡದೆ ಶುಚಿ ಮಾಡಿ

ನಿಮ್ಮ ಮನೆಯ ಹಜಾರದಲ್ಲಿ ನಾಲ್ಕು ಅಡಿ ಉದ್ದದ ಮೀನಿನ ತೊಟ್ಟಿ ಇದೆ ಎಂದುಕೊಳ್ಳಿ. 120 ಸೆಂಮೀ ಉದ್ದ, 45 ಸೆಂಮೀ ಅಗಲ, 45 ಸೆಂಮೀ ಎತ್ತರ. ತುಂಬಿದರೆ ಸುಮಾರು 240 ಲೀಟರ್ ನೀರು. ಮೂರು ತಿಂಗಳಿಂದ ಯಾರೂ ಅದನ್ನು ಮುಟ್ಟಿಲ್ಲ. ಗಾಜಿನ ಮೇಲೆ ಹಸಿರು ಪಾಚಿ, ತಳದ ಕಲ್ಲುಗಳ ನಡುವೆ ಕಂದು ಕೊಳೆ. ಒಂದು ಭಾನುವಾರ ಮನೆಮಂದಿಯೆಲ್ಲ ಸೇರಿ ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರನ್ನೆಲ್ಲ ಹೊರಚೆಲ್ಲಿ, ಕಲ್ಲುಗಳನ್ನು ನಲ್ಲಿಯಡಿ ಉಜ್ಜಿ, ಫಿಲ್ಟರಿನ ಸ್ಪಂಜನ್ನು ಹಿಂಡಿ ಹಿಂಡಿ ತೊಳೆದು ಹೊಸ ನೀರು ತುಂಬುತ್ತೀರಿ. ಸಂಜೆಗೆ ತೊಟ್ಟಿ ಫಳಫಳ ಹೊಳೆಯುತ್ತದೆ. ಮೂರನೆಯ ದಿನ ಮೀನುಗಳು ಮೇಲ್ಮೈಗೆ ಬಂದು ಬಾಯಿಬಾಯಿ ಬಿಡತೊಡಗುತ್ತವೆ. ವಾರದೊಳಗೆ ಒಂದೆರಡು ಸತ್ತು ತೇಲುತ್ತವೆ. ಅಷ್ಟು ಚೆನ್ನಾಗಿ ತೊಳೆದರೂ ಹೀಗೇಕಾಯಿತು? ತೊಳೆದದ್ದರಿಂದಲೇ ಆಯಿತು.

ಮೀನುಗಳು ತಮ್ಮ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತವೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯ ಉಂಟಾಗುತ್ತದೆ. ಅದು ಮೀನಿಗೆ ವಿಷ. ಕೆಲವು ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ, ಬೇರೆ ಕೆಲವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ಅಪಾಯಕಾರಿಯೇ. ರಕ್ತದ ಹಿಮೊಗ್ಲೋಬಿನ್ ಆಕ್ಸಿಜನ್ ಒಯ್ಯದಂತೆ ಅದು ಮಾಡುತ್ತದೆ. ನೈಟ್ರೇಟಿನ ವಿಷ ಬಹಳ ಕಡಿಮೆ. ಈ ಎರಡೂ ಹಂತಗಳನ್ನು ಒಂದೇ ಬ್ಯಾಕ್ಟೀರಿಯ ಮಾಡಬಲ್ಲದು ಎಂಬುದು 2015ರಲ್ಲಿ ತಿಳಿದುಬಂತು. ಅಂಥ ನೈಟ್ರೊಸ್ಪೈರ ಬ್ಯಾಕ್ಟೀರಿಯಗಳು ಸಿಕ್ಕ ಸ್ಥಳಗಳಲ್ಲಿ ಮೀನು ಸಾಕಣೆಯ ಫಿಲ್ಟರ್ ಕೂಡ ಒಂದು ಎಂಬುದು ನಮ್ಮ ವಿಷಯಕ್ಕೆ ಹೊಂದುವ ಸಂಗತಿ.

ಈ ಜೀವಿಗಳಲ್ಲಿ ಹೆಚ್ಚಿನವು ನೀರಿನಲ್ಲಿ ತೇಲಾಡುವುದಿಲ್ಲ. ಸ್ಪಂಜು, ಕಲ್ಲು, ಗಾಜಿಗೆ ಅಂಟಿಕೊಂಡಿರುತ್ತವೆ. ಅವು ಬೆಳೆಯುವುದೂ ನಿಧಾನ. ನಲ್ಲಿ ನೀರಿನ ಕ್ಲೋರೀನ್ ತಗುಲಿ ಒಮ್ಮೆ ನಾಶವಾದರೆ ಮತ್ತೆ ಸಾಕಷ್ಟು ಸಂಖ್ಯೆಗೆ ಬರಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಅಷ್ಟು ದಿನ ಮೀನುಗಳು ತಮ್ಮದೇ ಅಮೋನಿಯದಲ್ಲಿ ಈಜಬೇಕು.

ಹಾಗಾದರೆ ನೀರು ಬದಲಿಸುವುದೇ ಬೇಡವೆ? ಬೇಕು. ಕೊನೆಯಲ್ಲಿ ಉಳಿದ ನೈಟ್ರೇಟನ್ನು ಹೊರಹಾಕಲು ಸಾಮಾನ್ಯ ತೊಟ್ಟಿಯಲ್ಲಿ ಬೇರೆ ಸುಲಭ ದಾರಿಯಿಲ್ಲ. ಒಂದು ಸಣ್ಣ ಲೆಕ್ಕ ನೋಡಿ. ವಾರಕ್ಕೆ ಲೀಟರಿಗೆ 10 ಮಿಗ್ರಾಂನಂತೆ ನೈಟ್ರೇಟ್ ಸೇರುತ್ತದೆ ಎನ್ನೋಣ. ಪ್ರತಿ ವಾರ ಕಾಲು ಭಾಗ ನೀರು ಬದಲಿಸಿದರೆ ನೈಟ್ರೇಟ್ ಕ್ರಮೇಣ 40 ಮಿಗ್ರಾಂಗೆ ಏರಿ ಅಲ್ಲಿಗೇ ನಿಲ್ಲುತ್ತದೆ: 40ರಲ್ಲಿ ಕಾಲು ಭಾಗ, ಅಂದರೆ 10 ಹೋಯಿತು, ಮುಂದಿನ ವಾರಕ್ಕೆ 10 ಬಂತು. ಹತ್ತನೆಯ ಒಂದು ಭಾಗ ಮಾತ್ರ ಬದಲಿಸಿದರೆ ಅದು 100ಕ್ಕೆ ಹೋಗಿ ನಿಲ್ಲುತ್ತದೆ. ಆವಿಯಾದಷ್ಟು ನೀರನ್ನು ಮೇಲಿಂದ ಸುರಿಯುವುದು ಈ ಲೆಕ್ಕಕ್ಕೆ ಸೇರದು. ಆವಿಯಾಗುವುದು ನೀರು ಮಾತ್ರ. ಲವಣಗಳೆಲ್ಲ ತೊಟ್ಟಿಯಲ್ಲೇ ಉಳಿಯುತ್ತವೆ.

ನಮ್ಮ ತೊಟ್ಟಿಯ ಕಾಲು ಭಾಗವೆಂದರೆ 60 ಲೀಟರ್. 15 ಲೀಟರಿನ ಬಕೆಟ್ಟಿನಲ್ಲಿ ಹೊರಕ್ಕೆ ನಾಲ್ಕು ಸಲ, ಒಳಕ್ಕೆ ನಾಲ್ಕು ಸಲ, ಪ್ರತಿಬಾರಿ 15 ಕಿಲೋ ಹೊರೆ. ಯಾರಿಗೆ ತಾನೆ ಬೇಸರವಾಗದು? ಈ ವಾರ ಬೇಡ, ಮುಂದಿನ ವಾರ ಎಂದು ಮುಂದೂಡಿ ಮುಂದೂಡಿ ಕೊನೆಗೆ ಭಾನುವಾರದ ಆ ಮಹಾ ತೊಳೆತ ನಡೆಯುತ್ತದೆ. ಆದ್ದರಿಂದ ಕೆಲಸವನ್ನು ಹಗುರ ಮಾಡಿಕೊಳ್ಳುವುದು ಸೋಮಾರಿತನವಲ್ಲ, ಮೀನುಗಳಿಗೆ ಅದೇ ರಕ್ಷಣೆ.

ಹೊರಹಾಕುವ ಕೆಲಸವನ್ನು ಗುರುತ್ವಕ್ಕೆ ಬಿಡಿ. ಮೇಜಿನೆತ್ತರದಲ್ಲಿರುವ ತೊಟ್ಟಿಯಿಂದ ಬಚ್ಚಲುಮನೆಯ ನೆಲಕ್ಕೆ ಮುಟ್ಟುವಷ್ಟು ಉದ್ದದ, ಅರ್ಧ ಅಂಗುಲದ ಪಾರದರ್ಶಕ ಪೈಪು ಸಾಕು. ಹೊರತುದಿ ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿರುವವರೆಗೂ ಸೈಫನ್ ಹರಿಯುತ್ತದೆ. ಬಾಯಿಂದ ಎಳೆದು ಶುರುಮಾಡಬೇಡಿ. ತೊಟ್ಟಿಯ ನೀರಿನಲ್ಲಿ ರೋಗಾಣುಗಳಿರಬಹುದು. ಹೊರತುದಿಯನ್ನು ಬಚ್ಚಲಿನ ನಲ್ಲಿಗೆ ಸಿಕ್ಕಿಸಿ, ಮೆಲ್ಲಗೆ ತಿರುಗಿಸಿ, ಪೈಪಿನೊಳಗಿನ ಗಾಳಿಯೆಲ್ಲ ಗುಳ್ಳೆಗಳಾಗಿ ತೊಟ್ಟಿಗೆ ಹೋದೊಡನೆ ನಲ್ಲಿ ನಿಲ್ಲಿಸಿ ಪೈಪನ್ನು ಕಳಚಿ ನೆಲಕ್ಕಿಳಿಸಿ. ನೀರು ಹಿಂದಕ್ಕೆ ಹರಿಯತೊಡಗುತ್ತದೆ.

ತಳದ ಕೊಳೆ ಎತ್ತಲು ಪೈಪಿನ ಒಳತುದಿಗೆ ಎರಡು ಅಂಗುಲ ವ್ಯಾಸದ ಕೊಳವೆಯನ್ನೋ ತಳ ಕತ್ತರಿಸಿದ ಸಣ್ಣ ಪ್ಲಾಸ್ಟಿಕ್ ಬಾಟಲಿಯನ್ನೋ ಜೋಡಿಸಿ. ಇಲ್ಲಿರುವ ಯುಕ್ತಿ ಸೊಗಸಾದದ್ದು. ಅಗಲದ ಕೊಳವೆಯ ವ್ಯಾಸ ಪೈಪಿನ ನಾಲ್ಕರಷ್ಟು, ಆದ್ದರಿಂದ ಅದರ ಅಡ್ಡಕೊಯ್ತದ ವಿಸ್ತೀರ್ಣ ಹದಿನಾರರಷ್ಟು. ಅದರೊಳಗೆ ನೀರಿನ ವೇಗ ಹದಿನಾರನೆಯ ಒಂದು ಭಾಗ. ಕಲ್ಲುಗಳೊಳಗೆ ಅದನ್ನು ಚುಚ್ಚಿದಾಗ ಹಗುರವಾದ ಕೊಳೆ ಮೇಲೇರಿ ಹೊರಹೋಗುತ್ತದೆ. ಭಾರದ ಕಲ್ಲು ಒಂದಿಷ್ಟು ಎದ್ದು, ಉರುಳಾಡಿ, ಮತ್ತೆ ತಳಕ್ಕೆ ಬೀಳುತ್ತದೆ. ಒಂದು ವಾರ ಎಡ ಭಾಗ, ಮರುವಾರ ಬಲ ಭಾಗ ಮಾಡಿದರೆ ಸಾಕು.

ಕೆಲಸ ಶುರುಮಾಡುವ ಮೊದಲು ಫಿಲ್ಟರ್, ಹೀಟರುಗಳ ಪ್ಲಗ್ ಕಿತ್ತಿಡಿ. ನೀರಿನಿಂದ ಹೊರಬಂದ ಹೀಟರ್ ಉರಿಯುತ್ತಿದ್ದರೆ ಅದರ ಗಾಜು ಸೀಳುತ್ತದೆ. ತೊಟ್ಟಿಯ ಹೊರಗೆ, ನೀರಿನ ಮಟ್ಟದಿಂದ 11 ಸೆಂಮೀ ಕೆಳಗೆ ಒಂದು ಪಟ್ಟಿ ಅಂಟಿಸಿದರೆ ಕಾಲು ಭಾಗ ಎಲ್ಲಿಗೆಂದು ತಿಳಿಯುತ್ತದೆ. ಹರಿಯುವ ಪೈಪನ್ನು ಬಿಟ್ಟು ಫೋನಿಗೆ ಓಡಬೇಡಿ.

ಒಳಹಾಕುವ ನೀರನ್ನು ಹಿಂದಿನ ದಿನವೇ ಡ್ರಮ್ಮಿನಲ್ಲಿ ತುಂಬಿಡಿ. ಅದು ಕೋಣೆಯ ಉಷ್ಣತೆಗೆ ಬರುತ್ತದೆ, ಗಾಳಿಯಾಡಿಸಿದರೆ ಕ್ಲೋರೀನ್ ಬಹುಪಾಲು ಹಾರಿಹೋಗುತ್ತದೆ. ಕಾಯಲು ಆಗದಿದ್ದರೆ ಫೋಟೊ ಸಂಸ್ಕರಣೆಯಲ್ಲಿ ಬಳಸುತ್ತಿದ್ದ ಹೈಪೊ, ಅಂದರೆ ಸೋಡಿಯಮ್ ಥಯೋಸಲ್ಫೇಟ್, ಕ್ಲೋರೀನನ್ನು ತಟಸ್ಥಗೊಳಿಸುತ್ತದೆ. ಲೀಟರಿಗೆ 2 ಮಿಗ್ರಾಂ ಕ್ಲೋರೀನ್ ಇರುವ 60 ಲೀಟರ್ ನೀರಿಗೆ ಒಂದು ಗ್ರಾಂ ಹರಳು ಸಾಕು. ಕೂಲರಿನ ಸಣ್ಣ ಪಂಪನ್ನು ಡ್ರಮ್ಮಿಗಿಳಿಸಿದರೆ ಹೊರುವ ಕೆಲಸವೇ ಇಲ್ಲ. ಬೀಳುವ ನೀರು ತಳವನ್ನು ಕದಡದಂತೆ ಕಲ್ಲುಗಳ ಮೇಲೊಂದು ತಟ್ಟೆ ಇಡಿ. ಆರ್‌ಓ ಯಂತ್ರದಿಂದ ಹೊರಬೀಳುವ ನೀರನ್ನು ಬಳಸೋಣವೆ ಎಂದು ಕೇಳುವವರಿದ್ದಾರೆ. ಬೇಡ, ಅದರಲ್ಲಿ ಲವಣಗಳು ಸಾಂದ್ರವಾಗಿರುತ್ತವೆ.

ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಬಾರಿ ಅದ್ದಿ ಹಿಂಡಿ. ಕಂದು ಬಣ್ಣ ಉಳಿದರೆ ಉಳಿಯಲಿ. ಗಾಜಿನ ಪಾಚಿಗೆ ಹಳೆಯ ಪ್ಲಾಸ್ಟಿಕ್ ಕಾರ್ಡು ಸಾಕು. ಸೋಪು ಹತ್ತಿರವೂ ಬರಬಾರದು. ತೆಗೆದ ಸಿಹಿನೀರು ನೈಟ್ರೇಟ್ ತುಂಬಿದ ಗೊಬ್ಬರದ ನೀರು, ಹೂಕುಂಡಗಳಿಗೆ ಹಾಕಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನೀರಿನ ಅಭಾವ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆರು ತಿಂಗಳಿಂದ ಮುಟ್ಟದ ತೊಟ್ಟಿಯಾದರೆ ಮಾತ್ರ ಎಚ್ಚರಿಕೆ ಬೇಕು. ಅಮೋನಿಯ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಹಳೆಯ ನೀರಿನ ಪಿಎಚ್ 6ಕ್ಕೂ ಇಳಿದಿರಬಹುದು. ಆಗ ಬ್ಯಾಕ್ಟೀರಿಯಗಳ ಕೆಲಸ ಕುಂಟುತ್ತದೆ, ಅಮೋನಿಯ ಸೇರುತ್ತದೆ. ಆದರೆ ಅದು ಹೆಚ್ಚು ಹಾನಿ ಮಾಡದ ಅಮೋನಿಯಮ್ ಅಯಾನಿನ ರೂಪದಲ್ಲಿರುತ್ತದೆ. ಪಿಎಚ್ 7ರಲ್ಲಿ ಸುಮಾರು ಶೇ. 0.6ರಷ್ಟು ಮಾತ್ರ ವಿಷರೂಪದಲ್ಲಿದ್ದರೆ, 8ರಲ್ಲಿ ಅದು ಶೇ. 5ನ್ನು ದಾಟುತ್ತದೆ. ಅಂಥ ತೊಟ್ಟಿಗೆ ಕೊಳವೆಬಾವಿಯ ಗಡಸು ನೀರನ್ನು ಒಮ್ಮೆಲೇ ಅರ್ಧದಷ್ಟು ಸುರಿದರೆ ಪಿಎಚ್ ಏರಿ, ಕೆಲವೇ ಗಂಟೆಗಳಲ್ಲಿ ಮೀನುಗಳು ಸಾಯಬಹುದು. ದಿನಕ್ಕೆ ಹತ್ತನೆಯ ಒಂದು ಭಾಗದಂತೆ ಎರಡು ವಾರ ಬದಲಿಸುತ್ತ ಬನ್ನಿ, ಆ ದಿನಗಳಲ್ಲಿ ಮೀನಿಗೆ ಆಹಾರ ಕಡಿಮೆ ಹಾಕಿ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗದ ಕ್ರಮ ಶುರುಮಾಡಿ.